ತಂಗಿಯ ಲಗ್ನಪತ್ರಿಕೆ: ಮೂರು ವಾರದ ಅಕ್ಷರ ಕೆಲಸ

ಮೊದಲ ವಾರ

ಚಿಕ್ಕಮ್ಮನ ಮಗಳ ಮದುವೆ. "ಅಂಗಡಿ ಕಾರ್ಡೆಲ್ಲ ಒಂದೇ ಥರ ಇರತ್ತೆ, ನೀನೇ ಏನಾದ್ರೂ ಮಾಡ್ಕೊಡೋ" ಎಂದು ಚಿಕ್ಕಮ್ಮ ಫೋನ್ ಮಾಡಿದರು. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಇಂಗ್ಲಿಷ್. 300 ಕಾರ್ಡ್.

ಇಂಗ್ಲಿಷ್ ಕಡೆಯದು ಒಂದೇ ಸಂಜೆಗೆ ದಾರಿಗೆ ಬಂತು. ಒಂದೇ ಸಾಲನ್ನು ಮೂರು ಸ್ಕ್ರಿಪ್ಟ್ ಫಾಂಟ್‌ಗಳಲ್ಲಿ (ಕೈಬರಹದ ಹಾಗೆ ಕಾಣುವ ಅಕ್ಷರ ಶೈಲಿಗಳು) ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. 1942ರ ಬ್ರಷ್ ಸ್ಕ್ರಿಪ್ಟ್‌ನಲ್ಲಿ ಮದುವೆ ಸೋಡಾ ಅಂಗಡಿ ಬೋರ್ಡ್ ಆಯಿತು. 1953ರ ಮಿಸ್ಟ್ರಾಲ್‌ನಲ್ಲಿ ಯಾರೋ ಬಸ್ಸು ಹಿಡಿಯೋ ಅವಸರದಲ್ಲಿ ಸಹಿ ಹಾಕಿದ ಹಾಗಿತ್ತು. ಗ್ರೇಟ್ ವೈಬ್ಸ್ ಹಾಕಿದೆ ನೋಡಿ, ಜರಿ ಸೀರೆ, ಹೂವಿನ ಸ್ಟೇಜು, ಸಾಲಿನಲ್ಲಿ ನಿಂತ ನೆಂಟರು ಎಲ್ಲ ಕಣ್ಮುಂದೆ ಬಂದರು.

ಅಕ್ಷರ ಅವೇ ಇದ್ದರೂ ಇಷ್ಟು ವ್ಯತ್ಯಾಸ ಯಾಕೆ ಅಂತ ತಿಳಿಯಲು ಮೊನೆ ನಿಬ್ಬು ತಂದು ಬರೆದು ನೋಡಿದೆ. ಕೆಳಕ್ಕೆ ಎಳೆಯುವಾಗ ಒತ್ತಿದರೆ ನಿಬ್ಬು ಬಾಯಿ ಬಿಟ್ಟು ಗೆರೆ ದಪ್ಪವಾಗುತ್ತದೆ. ಮೇಲಕ್ಕೆ ಹೋಗುವಾಗ ಕೂದಲೆಳೆ. ಅವಸರ ಮಾಡಿದರೆ ಕಾಗದಕ್ಕೆ ಚುಚ್ಚಿ ಇಂಕು ಸಿಡಿಯುತ್ತದೆ. ಇದು ಹಳೆಯ ಇಂಗ್ಲೆಂಡಿನ ಬರವಣಿಗೆ ಮೇಷ್ಟ್ರುಗಳ ಕೈ. ಅಂಥ ಒಬ್ಬ ಮೇಷ್ಟ್ರು ಚಾರ್ಲ್ಸ್ ಸ್ನೆಲ್ ಅವರ ಅಕ್ಷರ ನೋಡಿಕೊಂಡೇ ಮ್ಯಾಥ್ಯೂ ಕಾರ್ಟರ್ 1960ರ ದಶಕದಲ್ಲಿ ಸ್ನೆಲ್ ರೌಂಡ್‌ಹ್ಯಾಂಡ್ ಫಾಂಟ್ ಮಾಡಿದರು. ಆ ದಪ್ಪ-ಸಣ್ಣದಲ್ಲಿ ಕೈಯ ನಿಧಾನ ಕಾಣುತ್ತದೆ, ನಮಗೆ ಅದು ಮರ್ಯಾದೆ ಅನ್ನಿಸುತ್ತದೆ. ಬ್ರಷ್ ಸ್ಕ್ರಿಪ್ಟ್‌ನಲ್ಲಿ ಕಾಣುವುದು ವೇಗ, ಹಾಗಾಗಿ ಸಲುಗೆ. ಗ್ರೇಟ್ ವೈಬ್ಸ್ ಉಳಿಸಿಕೊಂಡೆ. (ಇಂಥ ಫಾಂಟ್‌ನಲ್ಲಿ ಇಡೀ ಹೆಸರನ್ನು ಕ್ಯಾಪಿಟಲ್ ಅಕ್ಷರದಲ್ಲೇ ಹೊಡೆಯುವವರು ಇದ್ದಾರೆ. ದಯವಿಟ್ಟು ಬೇಡ. ಬಳ್ಳಿಗೆ ಬಳ್ಳಿ ಸುತ್ತಿಕೊಂಡು ಹೆಸರೇ ಸಿಗುವುದಿಲ್ಲ.)

ಎರಡನೇ ವಾರ

ಕನ್ನಡದ ಕಡೆ ತಲೆನೋವು ಶುರು. ನಮ್ಮಲ್ಲಿ ಅಕ್ಷರಕ್ಕೆ ಅಕ್ಷರ ಅಂಟುವುದೇ ಇಲ್ಲ, ಕೂಡಿಸಿ ಬರೆಯುವ ಸೊಗಸು ಎಲ್ಲಿಂದ ತರೋದು? ಬಲೂ ತಮ್ಮ ಅನ್ನೋ ಫಾಂಟ್ ಹಾಕಿದೆ, ಮಗುವಿನ ಹುಟ್ಟುಹಬ್ಬ ಆಯಿತು. ನವಿಲು ಕೈಬರಹದ ಫಾಂಟ್. ಚೆನ್ನಾಗಿದೆ, ಆದರೆ ಮನೆಯವರು ಬರೆದ ಕಾಗದದ ಹಾಗೆ ಕಾಣುತ್ತದೆ. ಅಕಾಯ ಕನ್ನಡಕ ಅನ್ನೋ ಫಾಂಟ್‌ನಲ್ಲಿ ತುಂಟತನ ಇದೆ. ನನಗೆ ಇಷ್ಟವಾಯಿತು, ಚಿಕ್ಕಪ್ಪನಿಗೆ ಆಗಲಿಲ್ಲ.

ಆಮೇಲೆ ಪೆದ್ದು ಕೆಲಸ ಮಾಡಿದೆ. ಇಂಗ್ಲಿಷ್ ಪಕ್ಕಕ್ಕೆ ಹೊಂದಲಿ ಅಂತ ಕನ್ನಡವನ್ನೂ 20 ಡಿಗ್ರಿ ಓರೆ ಮಾಡಿದೆ. ತಲೆಕಟ್ಟೆಲ್ಲ ಬಲಕ್ಕೆ ಜಾರಿತು, ಒತ್ತಕ್ಷರ ಎಡಕ್ಕೆ ಜಾರಿತು. ಚಿಕ್ಕಪ್ಪ ಕನ್ನಡಕ ಮೇಲೇರಿಸಿ, "ಏನಪ್ಪಾ, ಅಕ್ಷರ ಬೀಳ್ತಾ ಇದೆಯಲ್ಲ" ಎಂದರು.

ಅಷ್ಟಕ್ಕೇ ನಿಲ್ಲಿಸಲಿಲ್ಲ. "ವಿವಾಹ" ಎಂಬುದರ ಕೊನೆಯ ಹ ಕೆಳಗೆ ಇಂಗ್ಲಿಷಿನವರ ಹಾಗೆ ಒಂದು ಸುರುಳಿ ಎಳೆದೆ. ತಂಗಿ ಅದನ್ನು ನೋಡಿ ಜೋರಾಗಿ ಓದಿದಳು: "ವಿವಾಹೃ!" ನಾನು ಬಳ್ಳಿ ಅಂದುಕೊಂಡಿದ್ದು ವಟ್ರಸುಳಿ ಆಗಿತ್ತು. ಎರಡು ದಿನ ಮನೆಯಲ್ಲಿ ಇದೇ ತಮಾಷೆ. ಆದರೆ ಕೆಲಸದ ಗುಟ್ಟು ಅಲ್ಲೇ ಸಿಕ್ಕಿತು. ಇಂಗ್ಲಿಷಿನಲ್ಲಿ ಬಾಲ ಬರೀ ಒಡವೆ, ಎಲ್ಲಿ ಬೇಕಾದರೂ ಇಳಿಬಿಡಬಹುದು. ಕನ್ನಡದಲ್ಲಿ ಒಂದೊಂದು ಸುರುಳಿಗೂ ಆಗಲೇ ಕೆಲಸ ಇದೆ. ಕೊಂಬು, ಸುಳಿ, ಒತ್ತು, ದೀರ್ಘ. ಹೊಸದಾಗಿ ಸೇರಿಸಿದರೆ ಅಕ್ಷರವೇ ಬದಲಾಗುತ್ತದೆ.

ಹಾಗಾದರೆ ಇರುವ ಸುರುಳಿಯನ್ನೇ ಬೆಳೆಸಿದರೆ? "ಶ್ರೀ" ಬರೆದೆ. ಅದರ ರ ಒತ್ತಿನ ಬಾಲವನ್ನು ಎಡಕ್ಕೆ ಉದ್ದ ಎಳೆದೆ. ಎಷ್ಟು ಎಳೆದರೂ ಅದು ರ ಒತ್ತೇ. ದೀರ್ಘವನ್ನೂ ಬಲಕ್ಕೆ ಸ್ವಲ್ಪ ಬೀಸಿದೆ. "ಆಮಂತ್ರಣ"ದಲ್ಲೂ ಅದೇ ಒತ್ತು ಇದೆಯಲ್ಲ, ಖುಷಿಯೋ ಖುಷಿ. ಮೊದಲು ಚಪ್ಪಟೆ ನಿಬ್ಬಿನಲ್ಲಿ ಬರೆದೆ, ಶಾಸನದ ಬಿಗಿ ಬಂತು. ಬ್ರಷ್ ಪೆನ್ನಿನಲ್ಲಿ ಬರೆದಾಗ ಗುಂಡಗಿನ ಹೊಟ್ಟೆ ತುಂಬಿ, ತುದಿ ಸಣ್ಣಗಾಗಿ, ಮೆತ್ತಗೆ ಬಂತು. 40 "ಶ್ರೀ"ಗಳಲ್ಲಿ ಒಂದನ್ನು ಆರಿಸಿ, ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಟ್ರೇಸ್ ಮಾಡಿದೆ.

ನಡುವೆ ಚಿಕ್ಕಮ್ಮ ಟ್ರಂಕಿನಿಂದ ತಮ್ಮದೇ ಲಗ್ನಪತ್ರಿಕೆ ತೆಗೆದು ತೋರಿಸಿದರು. ಅಚ್ಚುಮೊಳೆಯದು, ಕೆಂಪು ಇಂಕು, ಹಿಂದೆ ಕೈ ಆಡಿಸಿದರೆ ಅಕ್ಷರ ಉಬ್ಬಿರುವುದು ಗೊತ್ತಾಗುತ್ತದೆ. ಒಂದು ಸುರುಳಿಯೂ ಇಲ್ಲ. ಆದರೂ ಮದುವೆಯ ಕಳೆ ಪೂರ್ತಿ ಇದೆ. ಅದನ್ನು ನೋಡಿದ ಮೇಲೆ ಅಕ್ಷರದ ಅಲಂಕಾರವನ್ನು ಮೂರು ಕಡೆಗೆ ಮಾತ್ರ ಇಟ್ಟೆ: ಶ್ರೀ, ಆಮಂತ್ರಣ, ವಧು-ವರರ ಹೆಸರು. ಮುಹೂರ್ತ, ಛತ್ರದ ವಿಳಾಸ, ಸುಖಾಗಮನ ಬಯಸುವವರು ಎಲ್ಲ ತಿರೋ ಕನ್ನಡ ಫಾಂಟ್‌ನಲ್ಲಿ, ನೆಟ್ಟಗೆ. ಅಜ್ಜಿಗೂ ಓದಲು ಬರಬೇಕು, ವಾಟ್ಸಾಪಿನಲ್ಲೂ ಕಾಣಬೇಕು.

ಮೂರನೇ ವಾರ

ಫೈಲ್ ಹಿಡಿದು ಚಿಕ್ಕಪೇಟೆ ಕಡೆಯ ಒಂದು ಅಂಗಡಿಗೆ ಹೋದೆ. ಅವರ ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರವೆಲ್ಲ ಬಿಡಿಬಿಡಿ, ಬರೀ ಚೌಕ ಚೌಕ. "ಕರ್ವ್ಸ್ ಮಾಡ್ಕೊಂಡ್ ಬನ್ನಿ ಸಾರ್" ಎಂದರು. ಅಂದರೆ ಅಕ್ಷರಗಳನ್ನು ಫಾಂಟ್ ಬೇಕಿಲ್ಲದ ಚಿತ್ರರೇಖೆಗಳಾಗಿ ಬದಲಿಸಬೇಕು. ಮನೆಗೆ ಬಂದು ಮಾಡಿಕೊಂಡು ಹೋದೆ. ಚಿನ್ನದ ಫಾಯಿಲ್ ಸ್ಯಾಂಪಲ್‌ನಲ್ಲಿ ಗ್ರೇಟ್ ವೈಬ್ಸ್‌ನ ಕೂದಲೆಳೆಗಳು ಅಲ್ಲಲ್ಲಿ ಮಾಯ. ನನ್ನ ಬ್ರಷ್ "ಶ್ರೀ" ಗಟ್ಟಿಯಾಗಿ ನಿಂತಿತ್ತು, ಸ್ವಲ್ಪ ಜಂಬ ಬಂತು. ಇಂಗ್ಲಿಷ್ ಹೆಸರಿಗೆ ಸುತ್ತ ತೆಳು ಅಂಚು ಕೊಟ್ಟು ದಪ್ಪ ಮಾಡಿದೆ. ಎರಡನೇ ಸ್ಯಾಂಪಲ್ ಸರಿಯಾಗಿದೆ. ಕೊಂಚ ನಾಜೂಕು ಹೋಯಿತು, ಪರವಾಗಿಲ್ಲ.

ನಿನ್ನೆ ಚಿಕ್ಕಮ್ಮನಿಗೆ ತೋರಿಸಿದೆ. ಅಕ್ಷರದ ಬಗ್ಗೆ ಒಂದು ಮಾತೂ ಇಲ್ಲ. "ನಾಲ್ಕೂ ಮೂಲೆಗೆ ಮಲ್ಲಿಗೆ ಬಳ್ಳಿ ತುಂಬಿಸಿದ್ದೀಯಲ್ಲೋ, ಅರಿಶಿನ ಕುಂಕುಮ ಎಲ್ಲಿ ಹಚ್ಚೋದು?" ಈಗ ಕೂತು ಬಳ್ಳಿ ಅಳಿಸುತ್ತಿದ್ದೇನೆ. ಫೈಲ್ ಬುಧವಾರ ಕೊಡಬೇಕು.