ಮಳೆ ಬರ್ತಿದೆ, ಮಕ್ಕಳು ಹೊರಗಿದ್ದಾರೆ

ಕಳೆದ ಮಳೆಗಾಲದ ಒಂದು ಭಾನುವಾರ. ಹಿಂದಿನ ದಿನದಿಂದಲೂ ಮಳೆ ಬಿಟ್ಟಿರಲಿಲ್ಲ. ಜೋರು ಮಳೆಯೇನಲ್ಲ, ಜಿಟಿಜಿಟಿ ಅಂತ ಹಿಡಿದರೆ ಬಿಡದ ಮಳೆ. ಮನೆಯಲ್ಲಿ ನನ್ನ ನಾಲ್ಕು ವರ್ಷದ ಮಗ, ರಜೆಗೆ ಬಂದಿದ್ದ ಅಕ್ಕನ ಆರು ವರ್ಷದ ಮಗಳು, ಅಮ್ಮ, ನಾನು. ಬಣ್ಣ ಹಚ್ಚಿದ್ದಾಯಿತು, ಕಥೆ ಓದಿದ್ದಾಯಿತು, ಬ್ಲಾಕ್ಸ್ ಕಟ್ಟಿ ಕೆಡವಿದ್ದೂ ಆಯಿತು. ಆಮೇಲೆ ಉಳಿದಿದ್ದು ಸೋಫಾದಿಂದ ಹಾರೋದು, ಮಂಚದಿಂದ ಹಾರೋದು, ಒಬ್ಬರನ್ನೊಬ್ಬರು ತಳ್ಳೋದು, ಅಳೋದು. ಮಧ್ಯಾಹ್ನದ ಹೊತ್ತಿಗೆ ಟಿವಿ ರಿಮೋಟ್‌ಗೆ ಜಗಳ ಶುರುವಾಯಿತು.

ಆಗ ಮಗ ಕಿಟಕಿಗೆ ಮೂಗು ಒತ್ತಿಕೊಂಡು ಕೇಳಿದ. "ಅಮ್ಮಾ, ಆಚೆ ಹೋಗ್ಲಾ?"

"ನಡಿ, ನಾನೂ ಬರ್ತೀನಿ" ಅಂದೆ.

ಅಮ್ಮ ಒಳಗಿಂದ ಬಂದೇಬಿಟ್ಟಳು. "ಏನೇ, ತಲೆ ಕೆಟ್ಟಿದೆಯಾ ನಿನಗೆ? ಈ ಮಳೆಯಲ್ಲಿ ಮಕ್ಕಳನ್ನ ಹೊರಗೆ ಬಿಡ್ತೀಯಾ? ಶೀತ ಆಗಿ ಎದೆ ಕಟ್ಟಿದ್ರೆ ರಾತ್ರಿಯೆಲ್ಲ ಕೂತು ನೋಡ್ಕೊಳ್ಳೋರು ಯಾರು?"

ಅಮ್ಮನ ಮಾತನ್ನು ಹಳೇ ಕಾಲದವರ ಭಯ ಅಂತ ತಳ್ಳಿಹಾಕುವ ಹಾಗಿಲ್ಲ. ನನ್ನ ತಮ್ಮನಿಗೆ ಎರಡು ವರ್ಷವಿದ್ದಾಗ ನ್ಯುಮೋನಿಯಾ ಆಗಿತ್ತು. ಅವನ ಉಸಿರಿನ ಸದ್ದು ಕೇಳುತ್ತಾ ಅಮ್ಮ ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದಾಳೆ. ಮಳೆ ಕಂಡರೆ ಅವಳಿಗೆ ನೆನಪಾಗೋದು ಅದೇ. ಆದರೂ ಆ ದಿನ ನಾನು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದೆ. ಇವತ್ತು ಅಂಥದ್ದೇ ಮಳೆ ಬಂದರೂ ಕರೆದುಕೊಂಡು ಹೋಗುತ್ತೇನೆ.

ನೆಗಡಿ ಬರೋದು ವೈರಸ್‌ನಿಂದ. ನೆಗಡಿ ತರುವ ವೈರಸ್‌ಗಳೇ ಇನ್ನೂರಕ್ಕೂ ಹೆಚ್ಚು ಬಗೆ ಇವೆ. ಮಳೆ ನೀರಿನಲ್ಲಿ ಅವು ಇಳಿದು ಬರೋದಿಲ್ಲ. ಒಬ್ಬರ ಕೆಮ್ಮು, ಸೀನು, ಕೈಯಿಂದ ಇನ್ನೊಬ್ಬರಿಗೆ ಅಂಟುತ್ತವೆ. ಇದನ್ನೇ ಅಮ್ಮನಿಗೂ ಹೇಳಿದೆ. "ಹಾಗಾದ್ರೆ ಮಳೆ, ಚಳಿ ಬಂದಾಗಲೇ ಯಾಕೆ ಎಲ್ಲರಿಗೂ ಮೂಗು ಸೋರುತ್ತೆ?" ಅಂತ ಕೇಳಿದಳು. ಒಳ್ಳೆ ಪ್ರಶ್ನೆ. ಅದಕ್ಕೊಂದು ದೊಡ್ಡ ಕಾರಣ, ಆ ದಿನಗಳಲ್ಲಿ ನಾವೆಲ್ಲ ಕಿಟಕಿ ಬಾಗಿಲು ಮುಚ್ಚಿಕೊಂಡು ಒಂದೇ ಕೋಣೆಯಲ್ಲಿ ಒಬ್ಬರ ಉಸಿರು ಇನ್ನೊಬ್ಬರು ಕುಡಿಯುತ್ತಾ ಕೂತಿರುತ್ತೇವೆ. ವೈರಸ್‌ಗೆ ಅದಕ್ಕಿಂತ ಅನುಕೂಲದ ಜಾಗ ಬೇರೆ ಇಲ್ಲ.

ಅಮ್ಮ ಒಪ್ಪಲಿಲ್ಲ. ಆದರೆ ಟವೆಲ್ ತೆಗೆದು ಬಾಗಿಲ ಹತ್ತಿರದ ಕುರ್ಚಿ ಮೇಲೆ ಹಾಕಿದಳು.

ಇಬ್ಬರಿಗೂ ರೇನ್‌ಕೋಟ್ ಹಾಕಿ, ಬೂಟು ತೊಡಿಸಿದೆ. ಹೊರಡುವ ಮೊದಲು ಎರಡೇ ಮಾತು ಹೇಳಿದೆ. ಗೇಟು ದಾಟಿ ಚರಂಡಿ ಕಡೆ ಹೋಗಬಾರದು. ಗುಡುಗು ಕೇಳಿಸಿದರೆ ಆಟ ಎಷ್ಟೇ ಚೆನ್ನಾಗಿರಲಿ, ಒಳಗೆ ಬರಬೇಕು. ಎರಡಕ್ಕೂ ತಲೆಯಾಡಿಸಿ ಓಡಿದರು.

ಮೊದಲು ಸ್ವಲ್ಪ ಹೊತ್ತು ಬರೀ ಕೂಗಾಟ. ನೀರು ನಿಂತಿದ್ದ ಕಡೆಯೆಲ್ಲ ಎರಡೂ ಕಾಲೆತ್ತಿ ಜಿಗಿಯೋದು. ಅದು ಮುಗಿದ ಮೇಲೆ ಶುರುವಾಗಿದ್ದು ನಿಜವಾದ ಆಟ. ಅಂಗಳದ ಒಂದು ಮೂಲೆಯಿಂದ ನೀರು ಸಣ್ಣಗೆ ಹರಿದು ಹೋಗುತ್ತಿತ್ತು. ಅಕ್ಕನ ಮಗಳು ಅದಕ್ಕೆ ಅಣೆಕಟ್ಟು ಕಟ್ಟೋಣ ಅಂದಳು. ಮಣ್ಣು ತಂದು ಸುರಿದರು. ನೀರು ಮಣ್ಣನ್ನು ಕೊಚ್ಚಿಕೊಂಡು ಹೋಯಿತು. ಜಾಸ್ತಿ ಮಣ್ಣು ಹಾಕಿದರು, ಅದೂ ಹೋಯಿತು. ಆಮೇಲೆ ಅವಳು ಸುಮ್ಮನೆ ನಿಂತು ನೋಡಿದಳು. ನೀರು ಎಲ್ಲಿ ಮೊದಲು ತೂತು ಮಾಡುತ್ತೆ ಅಂತ ಅವಳಿಗೆ ಗೊತ್ತಾಯಿತು. ಅಲ್ಲಿ ಕಲ್ಲಿಟ್ಟು, ಕಲ್ಲಿನ ಸಂದಿಗೆ ಎಲೆ ತುರುಕಿ, ಮೇಲೆ ಕೆಸರು ಮೆತ್ತಿದಳು. ನೀರು ನಿಂತಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಬೇಸಿಗೆಯಲ್ಲಿ ಇದೇ ಅಂಗಳದಲ್ಲಿ ಆಡುತ್ತಾರಲ್ಲ, ಆಗ ಈ ಆಟ ಸಿಗೋದೇ ಇಲ್ಲ. ಮಳೆ ಬಂದಾಗಷ್ಟೇ ಸಿಗೋದು.

ಮಗನ ಲೋಕವೇ ಬೇರೆ. ಅವನು ಕುಕ್ಕರುಗಾಲಲ್ಲಿ ಕೂತು ಒಂದು ಎರೆಹುಳ ನೋಡುತ್ತಿದ್ದ. ಸಿಮೆಂಟಿನ ಮೇಲೆ ಅದು ಉದ್ದವಾಗಿ ಚಾಚಿಕೊಳ್ಳುತ್ತಿತ್ತು, ತೆಳ್ಳಗಾಗುತ್ತಿತ್ತು, ಮತ್ತೆ ಕುಗ್ಗಿ ದಪ್ಪಗಾಗುತ್ತಿತ್ತು. "ಇದಕ್ಕೆ ಮುಖ ಯಾವ ಕಡೆ?" ಅಂದ. "ಯಾವ ಕಡೆಗೆ ಹೋಗ್ತಿದೆ ನೋಡು" ಅಂದೆ. ಬೆರಳು ಅಡ್ಡ ಇಟ್ಟ. ಹುಳ ನಿಂತು, ತುದಿ ಎತ್ತಿ, ಪಕ್ಕಕ್ಕೆ ತಿರುಗಿತು. "ಈ ಕಡೆನೇ!" ಅಂತ ಕಿರುಚಿದ. ನೆಲ ಒದ್ದೆಯಾಗಿದ್ದಾಗ ಎರೆಹುಳಕ್ಕೆ ಮೈ ಒಣಗುವ ಭಯವಿಲ್ಲ, ಅದಕ್ಕೇ ಮೇಲೆ ಓಡಾಡುತ್ತೆ. ಅದು ಉಸಿರಾಡೋದೇ ಚರ್ಮದಿಂದ ಅಂತ ಹೇಳಿದೆ. ಆಮೇಲೆ ಒಂದು ಎಲೆ ಮೇಲೆ ಅದನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದುಕೊಂಡು, ಮಣ್ಣಿನ ತನಕ ನಡೆದುಕೊಂಡು ಹೋಗಿ ಬಿಟ್ಟ. ಮನೆಯೊಳಗೆ ಎರಡು ನಿಮಿಷ ಒಂದು ಕಡೆ ನಿಲ್ಲದ ಹುಡುಗ ಅವನು.

ಅಷ್ಟರಲ್ಲಿ ಮೋಡ ಕಪ್ಪಗಾಯಿತು. ದೂರದಲ್ಲಿ ಮಿಂಚಿತು. ಅಕ್ಕನ ಮಗಳಿಗೆ ಲೆಕ್ಕ ಗೊತ್ತಿತ್ತು. ಮಿಂಚು ಕಂಡ ಮೇಲೆ ಗುಡುಗು ಕೇಳೋವರೆಗೆ ಸೆಕೆಂಡು ಎಣಿಸಬೇಕು, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಅವಳಪ್ಪ ಹೇಳಿಕೊಟ್ಟಿದ್ದರು. ಎಣಿಸಿದಳು, ಹನ್ನೆರಡಕ್ಕೆ ಗುಡುಗಿತು. "ಚಿಕ್ಕಮ್ಮ, ನಾಲ್ಕು ಕಿಲೋಮೀಟರ್ ದೂರ ಇದೆ! ಇನ್ನೂ ಆಡಬಹುದು!"

ಲೆಕ್ಕ ಸರಿಯೇ. ಆದರೆ ನಾಲ್ಕು ಕಿಲೋಮೀಟರ್ ದೂರ ಅನ್ನೋದು ಸಿಡಿಲಿಗೆ ದೂರವೇ ಅಲ್ಲ. ಮಳೆ ಸುರಿಯೋ ಮೋಡದಿಂದ ಹತ್ತು ಹದಿನೈದು ಕಿಲೋಮೀಟರ್ ಆಚೆಗೂ ಸಿಡಿಲು ಬಡಿದದ್ದಿದೆ. ಗುಡುಗು ಕಿವಿಗೆ ಬೀಳುವಷ್ಟು ಹತ್ತಿರ ಇದ್ದೀವಿ ಅಂದರೆ ಸಿಡಿಲು ಬಡಿಯುವಷ್ಟು ಹತ್ತಿರವೂ ಇದ್ದೀವಿ. ಮಗ ಗುಡುಗಿಗೆ ಹೆದರಿ ಮೂಲೆಯ ಮರದ ಕೆಳಗೆ ಓಡಿದ. ಮಕ್ಕಳು ಮಾತ್ರ ಅಲ್ಲ, ದೊಡ್ಡವರೂ ಹಾಗೇ ಮಾಡುತ್ತಾರೆ. ಗುಡುಗುವಾಗ ನಿಲ್ಲಲೇಬಾರದ ಜಾಗ ಅದು. ಅವನನ್ನು ಎತ್ತಿಕೊಂಡು, ಅವಳ ಕೈ ಹಿಡಿದು ಒಳಗೆ ಬಂದೆ. ಅಣೆಕಟ್ಟು ಅರ್ಧಕ್ಕೆ ನಿಂತಿತು ಅಂತ ಅವಳಿಗೆ ಸಿಟ್ಟು. ಕಣ್ಣಲ್ಲಿ ನೀರೂ ಬಂತು. ಈ ಒಂದು ವಿಷಯದಲ್ಲಿ ನಾನು ಕರಗೋದಿಲ್ಲ.

ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲಷ್ಟೇ ಮತ್ತೆ ಹೊರಗೆ. ನಡುವೆ ಇನ್ನೊಂದು ಗುಡುಗಿದರೆ ಅರ್ಧ ಗಂಟೆಯ ಲೆಕ್ಕ ಮೊದಲಿಂದ. ಗಡಿಯಾರ ನೋಡೋ ಕೆಲಸ ಅವಳಿಗೇ ಕೊಟ್ಟೆ. ಎರಡು ಸಲ ಮೊದಲಿಂದ ಶುರು ಮಾಡಬೇಕಾಯಿತು. ಮೂರನೇ ಸಲ ಅರ್ಧ ಗಂಟೆ ಪೂರ್ತಿಯಾಯಿತು. ಅಷ್ಟು ಹೊತ್ತೂ ಕಿಟಕಿ ಬಿಟ್ಟು ಕದಲಲಿಲ್ಲ ಅವಳು.

ಆ ನಡುವೆ ಅಮ್ಮ ಇಬ್ಬರ ತಲೆಯನ್ನೂ ಒರೆಸಿ ಒಣಬಟ್ಟೆ ಹಾಕಿದ್ದಳು. ಇದರಲ್ಲಿ ಅಮ್ಮನ ಕಡೆಗೇ ನನ್ನ ಮತ. ಒದ್ದೆ ಬಟ್ಟೆಯನ್ನು ಮೈಮೇಲೆ ಬಿಡೋದು ತಪ್ಪು. ಗಾಳಿಗೆ ಹೋಲಿಸಿದರೆ ನೀರು ಮೈಯ ಶಾಖವನ್ನು ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಎಳೆದುಕೊಳ್ಳುತ್ತೆ. ಮಕ್ಕಳ ಮೈ ಚಿಕ್ಕದು, ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಹಾಗಾಗಿ ನಮಗಿಂತ ಬೇಗ ತಣ್ಣಗಾಗುತ್ತಾರೆ. ಓಡುವಾಗ ಏನೂ ಆಗೋದಿಲ್ಲ. ಓಡೋದು ನಿಲ್ಲಿಸಿ ಸುಮ್ಮನೆ ಕೂತಾಗ ನೋಡಬೇಕು. ತುಟಿ ನೀಲಿಯಾಗಿದೆಯಾ, ಹಲ್ಲು ಕಟಕಟ ಅಂತಿದೆಯಾ, ಮೈ ನಡುಗುತ್ತಿದೆಯಾ? ಎರಡನೇ ಸಲ ಹೋದಾಗ ಮಗ ಸ್ವಲ್ಪ ಹೊತ್ತಿಗೇ ಮಾತು ಕಡಿಮೆ ಮಾಡಿದ, ಬಂದು ನನ್ನ ಕಾಲಿಗೆ ಅಂಟಿಕೊಂಡ. ಕುತ್ತಿಗೆಯ ಹಿಂದೆ ಕೈ ಹಾಕಿ ನೋಡಿದೆ, ತಣ್ಣಗಿತ್ತು. ಅವನಿಗೆ ಆಟ ಸಾಕು. ಅವಳಿಗೆ ಸಾಕಾಗಿರಲಿಲ್ಲ, ಇನ್ನೂ ಕಲ್ಲು ಹೊರುತ್ತಿದ್ದಳು. ಒಂದೇ ಮಳೆ, ಇಬ್ಬರು ಮಕ್ಕಳಿಗೆ ಎರಡು ಲೆಕ್ಕ. ಹಾಗಾಗಿಯೇ "ಎಷ್ಟು ಹೊತ್ತು ಬಿಡಬಹುದು?" ಅಂತ ಯಾರಾದರೂ ಕೇಳಿದರೆ ನಾನು ನಿಮಿಷ ಹೇಳೋದಿಲ್ಲ. ಜೊತೆಗೆ ಹೊರಗೆ ನಿಲ್ಲೋಕೆ ನೀವು ತಯಾರಿದ್ದೀರಾ ಅಂತ ಕೇಳುತ್ತೇನೆ. ಬಾಗಿಲಲ್ಲೇ ನಿಂತು ಫೋನ್ ನೋಡುತ್ತಾ ಇದನ್ನು ಮಾಡೋಕಾಗಲ್ಲ.

ರಜೆ ಮುಗಿಸಿ ಹೋದ ಅಕ್ಕನ ಮಗಳಿಗೆ ಕೆಲವು ದಿನ ಬಿಟ್ಟು ನೆಗಡಿ ಆಯಿತು. ಮಗನಿಗೆ ಏನೂ ಆಗಲಿಲ್ಲ. ಅಮ್ಮ ಫೋನ್ ಮಾಡಿ "ನೋಡಿದ್ಯಾ?" ಅಂದಳು.

ಅವಳ ತರಗತಿಯಲ್ಲಿ ಆ ವಾರ ಎಷ್ಟೋ ಮಕ್ಕಳು ಸೀನುತ್ತಿದ್ದರಂತೆ. ನೆಗಡಿ ಬಂದಿದ್ದು ಅಲ್ಲಿಂದಲೇ ಅಂತ ನನ್ನ ನಂಬಿಕೆ. ಆದರೂ ಈ ವಿಷಯ ನನ್ನನ್ನು ಓದಲು ಹಚ್ಚಿತು. ಇಂಗ್ಲೆಂಡಿನ ಸಾಲ್ಸ್‌ಬರಿ ಹತ್ತಿರ ನೆಗಡಿಯೊಂದನ್ನೇ ಅಭ್ಯಾಸ ಮಾಡೋಕೆ 1946ರಲ್ಲಿ ಒಂದು ಕೇಂದ್ರ ಶುರುವಾಗಿತ್ತು. ಅಲ್ಲಿ ಒಪ್ಪಿ ಬಂದವರಿಗೆ ಸ್ನಾನ ಮಾಡಿಸಿ, ಒದ್ದೆ ಮೈಯಲ್ಲೇ ಚಳಿಗಾಳಿಗೆ ನಿಲ್ಲಿಸಿ ನೋಡಿದ್ದರು. ಹಾಗೆ ನಿಂತವರಿಗೆ ಬೇರೆಯವರಿಗಿಂತ ಜಾಸ್ತಿ ನೆಗಡಿ ಬರಲಿಲ್ಲ. ಆದರೆ 2005ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗದ ಫಲ ಬೇರೆ. 180 ಜನರಲ್ಲಿ ಅರ್ಧ ಜನ 20 ನಿಮಿಷ ತಣ್ಣೀರಿನಲ್ಲಿ ಕಾಲಿಟ್ಟು ಕೂತಿದ್ದರು. ಮುಂದಿನ ನಾಲ್ಕೈದು ದಿನದಲ್ಲಿ ಅವರಲ್ಲಿ 13 ಜನಕ್ಕೆ ನೆಗಡಿಯ ಲಕ್ಷಣ ಕಾಣಿಸಿತು. ಸುಮ್ಮನೆ ಕೂತಿದ್ದ ಉಳಿದ 90 ಜನರಲ್ಲಿ 5 ಜನಕ್ಕೆ. ಮೈ ತಣ್ಣಗಾದಾಗ ಮೂಗಿನೊಳಗಿನ ರಕ್ತನಾಳಗಳು ಕುಗ್ಗುತ್ತವೆ, ಮೊದಲೇ ಸೇರಿಕೊಂಡ ವೈರಸ್ ಆಗ ತಲೆಯೆತ್ತುತ್ತೆ ಅನ್ನೋದು ಅವರ ಊಹೆ.

ಇದನ್ನು ಅಮ್ಮನಿಗೂ ಓದಿ ಹೇಳಿದೆ, ಅವಳ ಮಾತಿಗೆ ಬಲ ಕೊಡುವ ಭಾಗವನ್ನೂ ಬಿಡದೆ. ನನಗೆ ಅದರಿಂದ ಅನಿಸಿದ್ದು ಇಷ್ಟು. ತಣ್ಣಗಾಗಿ ಕೂರೋಕೆ ಬಿಡಬಾರದು, ಓಡಿ ಆಡೋಕೆ ಬಿಡಬೇಕು. ಮೊದಲೇ ಮೂಗು ಸೋರುತ್ತಿದ್ದರೆ, ಜ್ವರ ಇದ್ದರೆ ಆ ದಿನ ಬೇಡ. ಒಂದು ನೆಗಡಿಯ ಭಯಕ್ಕೆ ಇಡೀ ಮಳೆಗಾಲ ಮಕ್ಕಳನ್ನು ಕೋಣೆಯಲ್ಲಿ ಕೂರಿಸೋದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಯಾಕಂದರೆ ಕೋಣೆಯಲ್ಲಿ ಕೂರಿಸೋದಕ್ಕೂ ಬೆಲೆ ತೆರಬೇಕು. ಅದು ಆ ವಾರ ಕಾಣಿಸೋದಿಲ್ಲ, ಅಷ್ಟೇ. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಗೆ ಚಟುವಟಿಕೆ ಕೊಡಬೇಕು, ಅದರಲ್ಲಿ 60 ನಿಮಿಷ ಓಡಿ ಕುಣಿದು ಏದುಸಿರು ಬರುವಂಥದ್ದಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೂರು ಗಂಟೆ! ಮನೆಯೊಳಗೆ ಸೋಫಾದಿಂದ ಹಾರಿಸಿ ಇದನ್ನು ತುಂಬಿಸೋಕಾಗುತ್ತಾ? ಇನ್ನು ಕಣ್ಣಿನ ವಿಷಯ. ನಮ್ಮ ಅಕ್ಕನಿಗೆ ಚಿಕ್ಕಂದಿನಿಂದ ಕನ್ನಡಕ, ಮಗಳಿಗೂ ಬರುತ್ತೇನೋ ಅಂತ ಅವಳಿಗೆ ಚಿಂತೆ. ಚೀನಾದ ಗುವಾಂಗ್‌ಝೌನಲ್ಲಿ ಸರಿಯಾಗಿ ಈ ಹುಡುಗಿಯ ವಯಸ್ಸಿನ, ಒಂದನೇ ತರಗತಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಜಾಸ್ತಿ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. 2015ರಲ್ಲಿ ಅದರ ವರದಿ ಬಂತು. ಹಾಗೆ ಬಿಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ದೂರದ್ದು ಮಂಜಾಗಿ ಕಾಣುವ ಸಮೀಪದೃಷ್ಟಿ ಬಂದಿತ್ತು, ಬಿಡದ ಮಕ್ಕಳಲ್ಲಿ ಸುಮಾರು 40. ಕಣ್ಣಿಗೆ ನೆರವಾಗೋದು ಹೊರಗಿನ ಬೆಳಕು ಅನ್ನೋದು ಊಹೆ. ಮೋಡ ಕವಿದ ದಿನವೂ ಆ ಬೆಳಕು ಮನೆಯೊಳಗಿನ ದೀಪದ ಬೆಳಕಿಗಿಂತ ಎಷ್ಟೋ ಪಟ್ಟು ಜಾಸ್ತಿ. ಬಿಸಿಲಿಲ್ಲ ಅಂತ ಒಳಗಿಡೋ ಅಗತ್ಯ ಇಲ್ಲ.

ಹಾಗಂತ ಎಲ್ಲ ಮಳೆಯೂ ಆಟದ ಮಳೆಯಲ್ಲ. ಚರಂಡಿ ಉಕ್ಕಿ ರಸ್ತೆಯಲ್ಲಿ ನಿಂತ ನೀರಿಗೆ ಮಕ್ಕಳನ್ನು ನಾನು ಬಿಡೋದಿಲ್ಲ. ಅದರಲ್ಲಿ ಇಲಿ ಜ್ವರ ತರುವ ರೋಗಾಣು ಇರಬಹುದು, ಕಾಲಲ್ಲಿ ಸಣ್ಣ ಗಾಯ ಇದ್ದರೆ ಸಾಕು, ಒಳಗೆ ಹೋಗುತ್ತೆ. ಬಿದ್ದ ಕರೆಂಟ್ ತಂತಿಯೋ, ಬಾಯಿ ತೆರೆದ ಮ್ಯಾನ್‌ಹೋಲೋ ನೀರಿನ ಕೆಳಗೆ ಕಾಣೋದಿಲ್ಲ. ರಭಸದಿಂದ ಹರಿಯೋ ನೀರು ಬರೀ ಅರ್ಧ ಅಡಿ ಇದ್ದರೂ ದೊಡ್ಡವರನ್ನೇ ಕೆಡವುತ್ತೆ, ಇನ್ನು ಮಕ್ಕಳ ಮಾತೇನು? ಮರದ ಕೊಂಬೆ ಮುರಿಯುವಂಥ ಗಾಳಿ ಇದ್ದರೂ ಅಷ್ಟೇ, ಒಳಗೇ ಇರಲಿ. ಹೊಗೆ ಮುಸುಕಿ ಗಾಳಿ ಕೆಟ್ಟ ದಿನ ಮಳೆ ಇಲ್ಲದಿದ್ದರೂ ಹೊರಗೆ ಓಡಿಸಬಾರದು. ಸುಡು ಮಧ್ಯಾಹ್ನವೂ ಹಾಗೇ. ನನಗೆ ಜಿಟಿಜಿಟಿ ಮಳೆಗಿಂತ ಅದರದ್ದೇ ಹೆದರಿಕೆ ಜಾಸ್ತಿ. ಬಿಸಿಲು ತಾನೇ ಅಂತ ಬಿಟ್ಟುಬಿಡುತ್ತೇವೆ, ಅಲ್ವಾ?

ಆ ಭಾನುವಾರ ಆದ ಮೇಲೆ ಮಗನ ಶಾಲೆಯ ಮಿಸ್ ಹತ್ತಿರ ಮಾತಾಡಿದೆ. ಮೋಡ ಕವಿದರೆ ಸಾಕು, ಅಲ್ಲಿ ಆಟದ ಪೀರಿಯಡ್ ರದ್ದಾಗುತ್ತಿತ್ತು. "ನಮಗೂ ಬಿಡೋಕೆ ಇಷ್ಟ ಮೇಡಂ. ಆದರೆ ಒಂದು ಮಗು ಸೀನಿದರೂ ಸಂಜೆ ಮನೆಯಿಂದ ಫೋನ್ ಬರುತ್ತೆ" ಅಂದರು. ಅವರ ಕಷ್ಟ ನನಗೆ ಅರ್ಥವಾಗುತ್ತೆ. ಇಪ್ಪತ್ತು ಮಕ್ಕಳ ಬಟ್ಟೆ ಬದಲಿಸೋದು ಒಬ್ಬರ ಕೈಲಾಗೋ ಕೆಲಸವಲ್ಲ. ಅದಕ್ಕೆ ಪೋಷಕರ ಸಭೆಯಲ್ಲಿ ನಾನೇ ಈ ಮಾತು ಎತ್ತಿದೆ. ಗುಡುಗಿಲ್ಲದ ಸಣ್ಣ ಮಳೆಯಲ್ಲಿ ಸ್ವಲ್ಪ ಹೊತ್ತು ಬಿಡಿ, ಬಟ್ಟೆ ಬದಲಿಸೋಕೆ ನಾವು ಸರದಿ ಮೇಲೆ ಬರುತ್ತೇವೆ ಅಂದೆ. ಕೆಲವರು ಕೂಡಲೇ ಒಪ್ಪಿದರು. ಒಬ್ಬ ತಾಯಿ, ತನ್ನ ಮಗನಿಗೆ ತಣ್ಣನೆ ಗಾಳಿ ತಾಕಿದರೆ ಉಸಿರಾಡುವಾಗ ಸುಂಯ್‌ಗುಡುವ ವೀಸಿಂಗ್ ಬರುತ್ತೆ ಅಂದರು. ಆ ಮಗುವಿಗೆ ಡಾಕ್ಟರ್ ಹೇಳಿದ್ದೇ ಮಾತು, ಅದರಲ್ಲಿ ಚರ್ಚೆಯಿಲ್ಲ. ಉಳಿದವರು ಯೋಚಿಸಿ ಹೇಳುತ್ತೇವೆ ಅಂದಿದ್ದಾರೆ.

ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇನೆ. ಅಲ್ಲಿಯವರೆಗೆ ಮಗನ ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಒಂದು ಟವೆಲ್ ಇಟ್ಟು ಕಳಿಸುತ್ತಿದ್ದೇನೆ. ನೆನೆದರೆ ಜವಾಬ್ದಾರಿ ನನ್ನದು, ಇವನನ್ನು ಬಿಡಿ ಅಂತ ಬರೆದೂ ಕೊಟ್ಟಿದ್ದೇನೆ.