ಮಳೆಗಾಲದಲ್ಲಿ ಅಳೆದ ಒರತೆ: ನೇಪಾಳದ ನೀರಿನ ಯೋಜನೆ, ಜುಲೈ ಕೊನೆಯವರೆಗಿನ ಪ್ರಗತಿ

ಸಿವಿಲ್ ಎಂಜಿನಿಯರಿಂಗ್ ಮೂರನೆಯ ವರ್ಷದ ರಜೆಯನ್ನು ನೇಪಾಳದ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ, ಪಂಪಿನ ನೆರವಿಲ್ಲದೆ ಇಳಿಜಾರಿನ ಬಲದಿಂದಲೇ ನೀರು ತರುವ ಯೋಜನೆಯ ಸ್ವಯಂಸೇವಕನಾಗಿ ಕಳೆಯುತ್ತಿದ್ದೇನೆ. 2015ರ ಏಪ್ರಿಲ್ 25ರ ಭೂಕಂಪದ ಬಳಿಕ ಈ ದೇಶದ ಗುಡ್ಡಗಳಲ್ಲಿ ಎಷ್ಟೋ ಒರತೆಗಳು ಬತ್ತಿದವು. ಈ ಹಳ್ಳಿಯ ಹಳೆಯ ಒರತೆಯೂ ಅಂದಿನಿಂದ ಸೊರಗುತ್ತ ಬಂದಿದೆ. ಆದ್ದರಿಂದ ಇನ್ನೂ ಎತ್ತರದಲ್ಲಿ, ಕಾಡಿನ ಅಂಚಿನಲ್ಲಿರುವ ಮತ್ತೊಂದು ಒರತೆಯನ್ನು ಆರಿಸಿಕೊಂಡಿದ್ದೇವೆ.

ಜೂನ್ ಕೊನೆಯಲ್ಲಿ ಆ ಒರತೆಯ ಹರಿವನ್ನು ಅಳೆದಾಗ 10 ಲೀಟರಿನ ಬಕೆಟ್ 25 ಸೆಕೆಂಡಿನಲ್ಲಿ ತುಂಬಿತು, ಅಂದರೆ ಸೆಕೆಂಡಿಗೆ 0.4 ಲೀಟರ್. ಇಲ್ಲಿ ಇಂಥ ಯೋಜನೆಗಳಿಗೆ ಸಾಮಾನ್ಯವಾಗಿ ಹಿಡಿಯುವ ತಲೆಗೆ ದಿನಕ್ಕೆ 45 ಲೀಟರ್ ಲೆಕ್ಕದಲ್ಲಿ ಅದು ಏಳುನೂರಕ್ಕೂ ಹೆಚ್ಚು ಜನರಿಗೆ ಸಾಕು. ಆದರೆ ಮುಂಗಾರು ಹಿಡಿದ ಮೇಲೆ ಅಳೆದ ಒರತೆಯನ್ನು ನಂಬಿ ಕೊಳವೆ ಹಾಕುವಂತಿಲ್ಲ. ವಿನ್ಯಾಸಕ್ಕೆ ಬೇಕಾದದ್ದು ಚೈತ್ರ, ವೈಶಾಖಗಳ ಹರಿವು, ಆಗ ನಮ್ಮಂಥ ವಿದ್ಯಾರ್ಥಿಗಳು ತರಗತಿಯಲ್ಲಿರುತ್ತೇವೆ. ಹಾಗಾಗಿ ಬೇಸಿಗೆಯಲ್ಲಿ ಅಲ್ಲಿಂದ ನೀರು ಹೊತ್ತ ಮಹಿಳೆಯರನ್ನೇ ಕೇಳಬೇಕಾಯಿತು. ಕೊಡ ತುಂಬಲು ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಒಬ್ಬೊಬ್ಬರ ಉತ್ತರ ಒಂದೊಂದು ತೆರನಾಗಿದ್ದುದರಿಂದ, ಕೊಳವೆಯ ತುದಿಗೆ ವಾಲ್ವ್ ಜೋಡಿಸಿ ಧಾರೆಯನ್ನು ಸಣ್ಣದು ಮಾಡುತ್ತ ಹೋದೆವು. ‘ಚೈತ್ರದಲ್ಲಿ ಇಷ್ಟೇ’ ಎಂದು ಅವರು ಹೇಳಿದ ಕಡೆ ನಿಲ್ಲಿಸಿ ಅಳೆದೆವು. ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿದರೂ ಧಾರೆ ಹೆಚ್ಚು ಕಡಿಮೆ ಒಂದೇ ಆಗಿತ್ತು: 15 ಲೀಟರಿನ ಕೊಡಕ್ಕೆ ಎರಡೂವರೆ ನಿಮಿಷ, ಸೆಕೆಂಡಿಗೆ 0.1 ಲೀಟರ್. ದಿನಕ್ಕೆ 8,640 ಲೀಟರ್, ಅಂದರೆ 192 ಜನರ ಪಾಲು. ಹಳ್ಳಿಯ ಈಗಿನ ಜನಸಂಖ್ಯೆಗೆ ಇದು ಸರಿಹೋಗುತ್ತದೆ, ಹೆಚ್ಚುವರಿ ಎಂದೇನೂ ಉಳಿಯುವುದಿಲ್ಲ. ಮುಂದಿನ ಹದಿನೈದು ಇಪ್ಪತ್ತು ವರ್ಷಗಳ ಜನಸಂಖ್ಯಾ ಬೆಳವಣಿಗೆಯನ್ನು ಸೇರಿಸಬೇಕೆಂದು ಪಠ್ಯಪುಸ್ತಕ ಹೇಳುತ್ತದೆ; ಯುವಕರು ಕೊಲ್ಲಿ ದೇಶಗಳಿಗೂ ಮಲೇಷ್ಯಾಕ್ಕೂ ದುಡಿಯಲು ಹೊರಟುಹೋಗುತ್ತಿರುವ ಊರಿನಲ್ಲಿ ಆ ಸೂತ್ರವನ್ನು ಕಣ್ಣುಮುಚ್ಚಿ ಬಳಸುವುದು ನನಗೆ ಸರಿ ಕಾಣಲಿಲ್ಲ.

ಇಷ್ಟು ಸಣ್ಣ ಧಾರೆಯಾದ್ದರಿಂದ ರಾತ್ರಿಯ ನೀರನ್ನು ವ್ಯರ್ಥವಾಗಲು ಬಿಡುವಂತಿಲ್ಲ. ಹತ್ತು ಗಂಟೆಗಳಲ್ಲಿ ಸೇರುವ 3,600 ಲೀಟರನ್ನು ಹಿಡಿದಿಡಲು 4,000 ಲೀಟರಿನ ಫೆರೋಸಿಮೆಂಟ್ (ತಂತಿ ಬಲೆಯ ಮೇಲೆ ಸಿಮೆಂಟ್ ಗಾರೆ ಮೆತ್ತಿ ಮಾಡುವ) ತೊಟ್ಟಿಯನ್ನು ಗೊತ್ತುಮಾಡಿ, ಜುಲೈ ನಡುವಿನಲ್ಲಿ ಅದರ ಬಲೆಯನ್ನು ಕಟ್ಟಿ ಗಾರೆ ಮೆತ್ತಿದೆವು.

ತೊಟ್ಟಿಯಿಂದ ಕೊನೆಯ ನಲ್ಲಿಯವರೆಗೆ ಮಟ್ಟದ ಇಳಿತ 95 ಮೀಟರ್. ನೀರು ನಿಂತಾಗ ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಏರುತ್ತದೆ. ನಮ್ಮ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಕೊಳವೆ ತಾಳುವುದು 6 ಕಿಲೋ ಮಾತ್ರ. ಹೆಚ್ಚು ದಪ್ಪದ ಕೊಳವೆ ದುಬಾರಿ, ಅದನ್ನು ಹೊತ್ತು ತರುವುದೂ ಕಷ್ಟ. ಆದ್ದರಿಂದ ನಡುವೆ, ನೀರು ಬಯಲಿಗೆ ಬಿದ್ದು ಒತ್ತಡ ಕಳೆದುಕೊಂಡು ಮತ್ತೆ ಹೊರಡುವ, ಒತ್ತಡ ತಗ್ಗಿಸುವ ತೊಟ್ಟಿಯೊಂದು ಬೇಕು. ನಕ್ಷೆಯಲ್ಲಿ ಅದಕ್ಕೆ ಅನುಕೂಲವಾಗಿ ಕಂಡ ಜಾಗ ಒಬ್ಬರ ಭತ್ತದ ಗದ್ದೆಯ ಮೆಟ್ಟಿಲಾಗಿತ್ತು. ಮೇಲೆ 40 ಮೀಟರ್, ಕೆಳಗೆ 55 ಮೀಟರ್ ಬೀಳುವ ಹಾಗೆ ಅದನ್ನು ಬೀಳು ಭೂಮಿಯ ಅಂಚಿಗೆ ಸರಿಸಿದೆವು. ಎರಡು ಭಾಗಗಳೂ ಮಿತಿಯೊಳಗಿವೆ, ಗದ್ದೆಯೂ ಉಳಿಯಿತು.

ಕೊಳವೆ ಹೂಳುವ ಕಾಲುವೆ ಅಗೆಯುವ ಕೆಲಸ ಮಾತ್ರ ಆರಂಭವಾಗಿಲ್ಲ, ಈ ರಜೆಯಲ್ಲಿ ಆಗುವುದೂ ಇಲ್ಲ. ಆಷಾಢದಲ್ಲಿ ಇಡೀ ಹಳ್ಳಿ ನಾಟಿಗೆ ಇಳಿದಿರುತ್ತದೆ. ಗಂಡಸರು ಉತ್ತು ಬದು ಕಟ್ಟಿದರೆ ಹೆಂಗಸರು ಸಸಿ ನೆಡುತ್ತಾರೆ. ಮನೆಗೊಬ್ಬರಂತೆ ಶ್ರಮದಾನಕ್ಕೆ ಬನ್ನಿ ಎಂದು ಆಗ ಕರೆಯುವುದು ಊರಿನ ವರ್ಷವನ್ನು ಅರಿಯದವರ ಮಾತು. ಸಡಿಲ ಇಳಿಜಾರಿನಲ್ಲಿ ಮಳೆಯ ನಡುವೆ 90 ಸೆಂಟಿಮೀಟರ್ ಆಳಕ್ಕೆ ಅಗೆದರೆ ಮಣ್ಣು ಜಾರುವ ಅಪಾಯವೂ ಇದೆ. ಇಂಥ ಕಾರ್ಯಕ್ರಮಗಳು ಕಾಲೇಜಿನ ರಜೆಗೆ ಹೊಂದಿಕೊಂಡಿವೆಯೇ ಹೊರತು ಹೊಲದ ಕೆಲಸಕ್ಕಲ್ಲ ಎಂಬುದನ್ನು ಆಯೋಜಕರಿಗೆ ಬರೆದುಕೊಟ್ಟಿದ್ದೇನೆ.

ಬಳಕೆದಾರರ ಸಮಿತಿಯೊಂದಿಗೆ ಆದ ಒಪ್ಪಂದ ಹೀಗಿದೆ: ಕೊಯ್ಲಿನ ನಂತರ ಮುಖ್ಯ ಕೊಳವೆ ಮಾತ್ರ ಹೂಳಬೇಕು, ಉಸ್ತುವಾರಿಯವರು ಅದೇ 15 ಲೀಟರಿನ ಕೊಡವನ್ನು ಬಳಸಿ ವೈಶಾಖದವರೆಗೆ ತಿಂಗಳಿಗೊಮ್ಮೆ ಹರಿವು ಬರೆದಿಡಬೇಕು, ಕವಲು ಕೊಳವೆಗಳನ್ನು ಆ ಅಂಕಿಗಳನ್ನು ನೋಡಿದ ಮೇಲೆಯೇ ಎಳೆಯಬೇಕು. ಹರಿವು ಸೆಕೆಂಡಿಗೆ 0.1 ಲೀಟರಿಗಿಂತ ಕಡಿಮೆಯಾದರೆ ಆರು ನಲ್ಲಿಗಳ ಪೈಕಿ ಎರಡನ್ನು ಕೈಬಿಡಬೇಕಾಗುತ್ತದೆ. ಯಾವ ಎರಡು ಎಂಬುದರ ಬಗ್ಗೆ ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಒಮ್ಮತ ಮೂಡಿಲ್ಲ. ಮುಂದಿನ ಸಭೆ ನಾಟಿ ಪೂರ್ತಿ ಮುಗಿದ ಮೇಲೆ.