ಸ್ಪಿಟ್‌ಫೈರ್‌ಗೆ ಹೊಸ ಬ್ರೇಕ್ ಪೈಪ್: ದಾರಿ ಮೊದಲು, ಪೈಪ್ ಆಮೇಲೆ

ನನ್ನ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, 1968ರ ಟ್ರಯಂಫ್ ಸ್ಪಿಟ್‌ಫೈರ್ ಸದ್ಯಕ್ಕೆ ಎರಡು ಭಾಗವಾಗಿ ಗ್ಯಾರೇಜಿನಲ್ಲಿದೆ. ಬಾಡಿ ಗೋಡೆ ಪಕ್ಕ, ಚಾಸಿಸ್ (ಬಾಡಿ ಕೂರುವ ಅಡಿಚೌಕಟ್ಟು) ನಡುವೆ ಸ್ಟ್ಯಾಂಡ್ ಮೇಲೆ. ಮಾರ್ಕ್ 3 ಮಾಡೆಲ್, 1296 ಸಿಸಿ. ನಾನಿರುವ ಇಂಗ್ಲೆಂಡಿನ ಕವೆಂಟ್ರಿಯಲ್ಲೇ, ಕ್ಯಾನ್ಲಿ ಫ್ಯಾಕ್ಟರಿಯಲ್ಲಿ ತಯಾರಾದ ಕಾರು. ಆ ಫ್ಯಾಕ್ಟರಿ ಈಗ ಇಲ್ಲ. ಚಾಸಿಸ್‌ಗೆ ಬಣ್ಣ ಆಗಿದೆ, ಸಸ್ಪೆನ್ಷನ್ ಕೂತಿದೆ. ಈಗ ಬ್ರೇಕ್ ಪೈಪ್ ಎಳೆಯೋ ಸರದಿ.

ಈ ಕೆಲಸಕ್ಕೆ ನಾನು ಜಾಸ್ತಿ ಸಮಯ ಕೊಡ್ತೀನಿ. ಕಾರಣ ಇದೆ. ನನ್ನ ಕಾರಿನ ಬ್ರೇಕು ಒಂದೇ ಸರ್ಕ್ಯೂಟ್. ಮುಂದಿನ ಡಿಸ್ಕ್, ಹಿಂದಿನ ಡ್ರಮ್, ಎಲ್ಲಕ್ಕೂ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಒಂದೇ ಮಾಸ್ಟರ್ ಸಿಲಿಂಡರ್‌ನಿಂದ ಆಯಿಲ್ ಹೋಗಬೇಕು. ಎಲ್ಲಾದರೂ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು, ಕೈಗೆ ಉಳಿಯೋದು ಹ್ಯಾಂಡ್‌ಬ್ರೇಕ್ ಮಾತ್ರ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರುಗಳಿಗೆ 2018ರಿಂದ ವರ್ಷ ವರ್ಷದ ತಪಾಸಣೆ ಕಡ್ಡಾಯವಲ್ಲ. ಅಂದರೆ ಈ ಪೈಪುಗಳನ್ನು ನಾನಲ್ಲದೆ ಬೇರೆ ಯಾರೂ ನೋಡದೇ ಇರಬಹುದು.

ಪೈಪ್ ಕತ್ತರಿಸಿ ತುದಿ ಅಗಲಿಸೋದು ಯಾರಾದರೂ ಕಲಿಯಬಹುದು. ನಿಜವಾದ ಕೆಲಸ ಪೈಪು ಯಾವ ದಾರಿಯಲ್ಲಿ ಹೋಗಬೇಕು ಅನ್ನೋದರಲ್ಲಿದೆ. ಅದಕ್ಕೇ ಹಳೇ ಪೈಪುಗಳನ್ನು ನಾನು ಎಸೆಯೋದಿಲ್ಲ. ತುಕ್ಕು ಹಿಡಿದು ಕೈಯಲ್ಲೇ ಮುರಿಯುವ ಹಾಗಿದ್ದರೂ, ಬಿಚ್ಚುವಾಗಲೇ ಚೀಟಿ ಕಟ್ಟಿ ಹಲಗೆ ಮೇಲೆ ಇಟ್ಟಿದ್ದೀನಿ. ಯಾವುದೋ ಒಂದು ಕಡೆ ಸುಮ್ನೆ ಬಾಗಿದ ಹಾಗೆ ಕಾಣುತ್ತೆ. ಚಾಸಿಸ್ ಪಕ್ಕ ಹಿಡಿದು ನೋಡಿದರೆ ಅಲ್ಲೊಂದು ಬೋಲ್ಟ್ ಇರುತ್ತೆ, ಅಥವಾ ಸ್ಪ್ಯಾನರ್ ಆಡಿಸೋಕೆ ಜಾಗ ಬಿಟ್ಟಿರುತ್ತಾರೆ. ಹಾಗಾಗಿ ಫ್ಯಾಕ್ಟರಿಯವರ ದಾರಿಯನ್ನು ನಾನು ಬದಲಿಸೋದಿಲ್ಲ.

ರೆಡಿಮೇಡ್ ಸೆಟ್ ಸಿಗುತ್ತೆ. ಆದರೆ ಅದೂ ಸುರುಳಿಯಾಗಿ ಬರುತ್ತೆ, ಬಾಗಿಸೋದು ನಾವೇ. ನಾನು 3/16 ಇಂಚಿನ ಪೈಪಿನ ಸುರುಳಿಯನ್ನೇ ತಂದೆ. ಮೊದಲು ಮೆತ್ತನೆಯ ತಂತಿಯನ್ನು ಹಳೇ ದಾರಿಯಲ್ಲಿ ಹಾಯಿಸಿ ಉದ್ದ ಅಳೆದೆ. ಒಂದು ತುದಿ ಮಾತ್ರ ಮುಗಿಸಿಕೊಂಡು, ಚಾಸಿಸ್ ಮೇಲೆ ಇಟ್ಟು ಬಾಗಿಸುತ್ತಾ ಹೋಗಿ, ಇನ್ನೊಂದು ತುದಿಯನ್ನು ಕೊನೆಯಲ್ಲಿ ಕತ್ತರಿಸೋದು ನನ್ನ ಕ್ರಮ. ನಟ್ಟನ್ನು ಪೈಪಿಗೆ ಪೋಣಿಸಿ ಆಯಿತಾ ಅಂತ ನೋಡಿಕೊಂಡೇ ತುದಿ ಅಗಲಿಸಬೇಕು. ಇನ್ನೊಂದು ಮಾತು: ನಟ್ ಹಿಂದೆ ಎರಡು ಮೂರು ಸೆಂಟಿಮೀಟರ್ ಪೈಪ್ ನೇರವಾಗಿಯೇ ಇರಬೇಕು. ತುದಿಯಿಂದಲೇ ಬಾಗು ಶುರುವಾದರೆ ನಟ್ ಹಿಂದಕ್ಕೆ ಸರಿಯೋದಿಲ್ಲ. ಪೈಪು ಓರೆಯಾಗಿ ಕೂತು, ನಟ್ಟಿನ ಮೊದಲ ಸುತ್ತೇ ಅಡ್ಡ ಹತ್ತುತ್ತೆ. ಬೆರಳಲ್ಲಿ ಸಲೀಸಾಗಿ ನಾಲ್ಕಾರು ಸುತ್ತು ಹೋಗಬೇಕು, ಸ್ಪ್ಯಾನರ್ ಆಮೇಲೆ.

ತುದಿಗಳ ಆಕಾರ ಎರಡು ಥರ. ಒಂದು ಗುಳ್ಳೆಯ ಹಾಗೆ ಹೊರಕ್ಕೆ ಉಬ್ಬಿದ್ದು, ಇನ್ನೊಂದು ಒಳಕ್ಕೆ ಮಡಚಿದ ಕೊಳವೆಬಾಯಿ. ಹಳೇ ಪೈಪಿನ ತುದಿ ನೋಡಿ ಅದನ್ನೇ ಮಾಡಬೇಕು. ಅದಲು ಬದಲಾದರೆ ಎಷ್ಟು ಬಿಗಿದರೂ ಸೋರುತ್ತೆ.

ಬೆಂಗಳೂರಿನಲ್ಲಿ ನನ್ನ ಗೆಳೆಯ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ರೆಡಿ ಮಾಡಿಸ್ತಾ ಇದ್ದಾನೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಕಾರು ಅದು. ಸ್ಪಿಟ್‌ಫೈರ್ ಹುಟ್ಟಿದ್ದೇ ಹೆರಾಲ್ಡ್ ಚಾಸಿಸ್‌ನಿಂದ, ಎರಡರ ರೂಪವೂ ಇಟಲಿಯ ಡಿಸೈನರ್ ಮಿಕೆಲೊಟ್ಟಿಯದು, ಹಾಗಾಗಿ ನಮ್ಮಿಬ್ಬರ ಫೋನು ಮುಗಿಯೋದೇ ಇಲ್ಲ. ‘ಏನೋ, ತಾಮ್ರದ ಪೈಪೇ ಹಾಕಿಬಿಡ್ಲಾ? ಬಾಗಿಸೋಕೆ ಸುಲಭ ಅಂತಾರೆ ನಮ್ಮ ಮೆಕ್ಯಾನಿಕ್ಕು’ ಅಂತ ಕೇಳಿದ. ಬೇಡ ಅಂದೆ. ಬರೀ ತಾಮ್ರ ಸುಲಭವಾಗಿ ಬಾಗುತ್ತೆ ನಿಜ, ಆದರೆ ಅದುರಿ ಅದುರಿ ಗಟ್ಟಿಯಾಗಿ ಕೊನೆಗೆ ಬಿರುಕು ಬಿಡುತ್ತೆ. ತಾಮ್ರಕ್ಕೆ ಸುಮಾರು 10 ಪರ್ಸೆಂಟ್ ನಿಕ್ಕಲ್ ಸೇರಿಸಿದ ಪೈಪ್ ಇದೆ. ಅದೂ ಕೈಯಲ್ಲಿ ಬಾಗುತ್ತೆ, ತುಕ್ಕು ಹಿಡಿಯಲ್ಲ, ತಾಮ್ರಕ್ಕಿಂತ ಗಟ್ಟಿ. ವೋಲ್ವೋದವರು 1970ರ ದಶಕದಲ್ಲೇ ಅದನ್ನು ಹಾಕೋಕೆ ಶುರು ಮಾಡಿದ್ದರು. ನಾನು ಹಾಕ್ತಾ ಇರೋದೂ ಅದನ್ನೇ.

ಯಾವ ಪೈಪಾದರೂ ಕ್ಲಿಪ್ ಬೇಕೇ ಬೇಕು. ಸುಮಾರು ಒಂದು ಗೇಣಿಗೆ ಒಂದರಂತೆ ಹಾಕ್ತಿದ್ದೀನಿ. ಪೈಪು ಎಲ್ಲಿಯೂ ಲೋಹಕ್ಕೆ ತಾಗಬಾರದು. ಈಗ ತಾಗುತ್ತಿಲ್ಲ ಅಂದರೆ ಸಾಲದು, ಕಾರು ಓಡುವಾಗಲೂ ತಾಗಬಾರದು ಅಲ್ವಾ? ಚಾಸಿಸ್ ಬದಿಗೆ ಬೆರಳು ಹಾಯಿಸಿ ಪರೀಕ್ಷೆ ಮಾಡ್ತೀನಿ. ಪೈಪನ್ನು ಒತ್ತಿದಾಗ ಟಕ್ ಅಂತ ಚಾಸಿಸ್‌ಗೆ ಬಡಿದರೆ ಅಲ್ಲೊಂದು ಕ್ಲಿಪ್. ಸೈಲೆನ್ಸರ್ ಪೈಪಿನಿಂದಲೂ ದೂರ ಇರಬೇಕು, ಬಿಸಿಗೆ ಬ್ರೇಕ್ ಆಯಿಲ್ ಕುದಿಯುತ್ತೆ.

ಸ್ಪಿಟ್‌ಫೈರ್‌ನಲ್ಲಿ ಹಿಂದಿನ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಆಡುತ್ತವೆ. ಅದಕ್ಕೇ ಹಿಂದೆ ಎರಡು ರಬ್ಬರ್ ಹೋಸ್. ಚಾಸಿಸ್ ಸ್ಟ್ಯಾಂಡ್ ಮೇಲಿದ್ದು ಚಕ್ರಗಳು ಪೂರ್ತಿ ಜೋತುಬಿದ್ದಾಗ ಹೋಸ್ ಜಗ್ಗಿರಬಾರದು. ಜ್ಯಾಕ್ ಹಾಕಿ ಚಕ್ರದ ಕಡೆಯನ್ನು ಮೇಲೆತ್ತಿದಾಗ ಮಡಚಬಾರದು, ತಿರುಚಿಕೊಳ್ಳಲೂಬಾರದು. ಮುಂದೆ ಸ್ಟಿಯರಿಂಗನ್ನು ಎರಡೂ ಕಡೆ ಕೊನೆತನಕ ತಿರುಗಿಸಿ ಅದೇ ನೋಡಬೇಕು. ಎರಡನ್ನೂ ಒಟ್ಟಿಗೆ, ಅಂದರೆ ಚಕ್ರ ಜೋತುಬಿದ್ದಾಗ ಸ್ಟಿಯರಿಂಗ್ ಪೂರ್ತಿ ತಿರುಗಿಸಿಯೂ ನೋಡಿ. ಹೋಸ್ ಟೈರಿಗೆ ಉಜ್ಜುವುದಾದರೆ ಅಲ್ಲೇ ಗೊತ್ತಾಗುತ್ತೆ.

ಮಾಸ್ಟರ್ ಸಿಲಿಂಡರ್ ಕೂರೋದು ಬಾಡಿಯ ಮೇಲೆ. ಅಲ್ಲಿಂದ ಚಾಸಿಸ್‌ಗೆ ಇಳಿಯುವ ಪೈಪನ್ನು ಈಗ ಮಾಡೋಕಾಗಲ್ಲ, ಬಾಡಿ ಕೂರಿಸಿದ ಮೇಲೆಯೇ ಅಳತೆ. ಅಲ್ಲಿಯವರೆಗೆ ಪ್ರತಿ ತೆರೆದ ತುದಿಗೂ ಮುಚ್ಚಳ ಹಾಕಿಟ್ಟಿದ್ದೀನಿ, ಧೂಳು ಒಳಗೆ ಹೋಗಬಾರದು. ಆಯಿಲ್ ತುಂಬಿ ಏರ್ ತೆಗೆದ ಮೇಲೆ ಗೆಳೆಯರೊಬ್ಬರು ಪೆಡಲ್ ಬಲವಾಗಿ ಒತ್ತಿ ಹಿಡೀತಾರೆ. ನಾನು ಒಣ ಬಿಳಿ ಟಿಶ್ಯೂ ಹಿಡಿದು ಒಂದೊಂದು ಜಾಯಿಂಟನ್ನೂ ಒರೆಸ್ತೀನಿ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೆ ಒಂದು ಸುತ್ತು. ಡಾಟ್ 4 ಅನ್ನೋ ಈ ಬ್ರೇಕ್ ಆಯಿಲ್ ಬಣ್ಣವನ್ನೇ ಕಿತ್ತು ಹಾಕುತ್ತೆ, ಆದ್ದರಿಂದ ಪಕ್ಕದಲ್ಲಿ ಒಂದು ಬಕೆಟ್ ನೀರೂ ಬಟ್ಟೆಯೂ ಇರಲೇಬೇಕು.